ಮೂಗಿಗೂ ಮೂಗುದಾರವೆ?

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಮೈದಾನದಲ್ಲಿ, 20 ಅಡಿ ಹಗ್ಗದ ಒಂದು ತುದಿ ಹಿಡಿದು, ಇನ್ನೊಂದು ತುದಿಯಲ್ಲಿ ನೆಲಕ್ಕೆ ಮೂಗಿಟ್ಟು ಹೋಗುತ್ತಿದ್ದ ಕೆಂಪಿಯ ಹಿಂದೆ ನಾನು ಓಲಾಡುತ್ತ ನಡೆದಿದ್ದೆ. ವಾಯುಸೇವನೆಗೆ ಬಂದಿದ್ದ ಹಿರಿಯರೊಬ್ಬರು ನಿಂತು ಕೇಳಿದರು: "ಏನ್ರೀ, ಏನಾದ್ರೂ ಕಳುವಾಯ್ತೆ?" ಇಲ್ಲವೆಂದೆ. "ಹಾಗಾದ್ರೆ ಇದನ್ನ ಪೋಲೀಸಿಗೆ ಸೇರಿಸ್ತೀರೋ?" ಅದೂ ಇಲ್ಲವೆಂದೆ. "ಮತ್ತೆ ಮನೇ ನಾಯಿಗೆ ಯಾಕ್ರೀ ಪತ್ತೇದಾರಿ? ಅದೂ ಬೀದಿನಾಯಿ ಜಾತಿ!" ಎಂದು ನಕ್ಕು ಮುಂದೆ ಹೋದರು. ಅವರಿಗೆ ಅಲ್ಲಿಯೇ ಕೊಡಬೇಕಾಗಿದ್ದ ಉತ್ತರ, ನನ್ನ ವಾಡಿಕೆಯಂತೆ, ಮನೆಗೆ ಬಂದು ಕಾಫಿ ಕುಡಿದ ಮೇಲೆ ಹೊಳೆಯಿತು.

ಪಟ್ಟಣದಲ್ಲಿ ನಾಯಿಗೆ ನಾವು ಏನು ತಾನೇ ಕೊಡುವುದಿಲ್ಲ? ಡಬ್ಬಿಯ ಆಹಾರ, ಚಳಿಗೆ ಸ್ವೆಟರು, ಹುಟ್ಟಿದ ದಿನಕ್ಕೆ ಕೇಕು. ಕೊಡದಿರುವುದು ಒಂದೇ, ಮೂಸುವುದಕ್ಕೆ ಪುರಸತ್ತು. ದಿನವೆಲ್ಲ ನುಣುಪು ಕಲ್ಲಿನ ನೆಲದ ಮೇಲೆ, ಬಾಲ್ಕನಿಯ ಸರಳುಗಳ ಹಿಂದೆ ಕಳೆದ ಪ್ರಾಣಿಯನ್ನು ಬೀದಿಗಿಳಿಸುತ್ತೇವೆ. ಮೊದಲನೆಯ ದೀಪದ ಕಂಬದ ಬಳಿ ಅದು ಮೂಗು ತಗ್ಗಿಸಿತೋ ಇಲ್ಲವೋ, ಕತ್ತಿನ ಸರಪಣಿ ಜಗ್ಗುತ್ತೇವೆ. "ಕಮಾನ್! ಹೀಲ್!" (ಮನೆಮಂದಿಯೊಡನೆ ಕನ್ನಡವಾಡುವವರೂ ನಾಯಿಯೊಡನೆ ಇಂಗ್ಲಿಷನ್ನೇ ಏಕೆ ಆಡುತ್ತಾರೋ, ಆ ಮಾತು ಇನ್ನೊಮ್ಮೆ.) ಈ ಪುರವಣಿಯನ್ನು ಬಿಚ್ಚಿ ಶೀರ್ಷಿಕೆಯ ಮೇಲೆ ಕಣ್ಣಿಟ್ಟೊಡನೆ ಯಾರಾದರೂ ಕಿತ್ತುಕೊಂಡರೆ, ಅದೂ ದಿನಾ ಹಾಗೆಯೇ ಮಾಡಿದರೆ, ತಮಗೆ ಹೇಗಾದೀತು?

ಈ ಪಾಪವನ್ನು ನಾನೂ ಮಾಡಿದವನೇ. ಕೆಂಪಿಗೆ ಮುಂಚೆ ನಮ್ಮಲ್ಲಿ ರಾಜ ಎಂಬ ಲ್ಯಾಬ್ರಡಾರ್ ಇದ್ದ. ಒಳ್ಳೆಯ ಹಣ ತೆತ್ತು, ತರಬೇತಿಗೆ ಹಾಕಿ, ನನ್ನ ಎಡಗಾಲಿಗೆ ಅಂಟಿದಂತೆ ನಡೆಯುವುದನ್ನು ಕಲಿಸಿದೆ. ಬೀದಿಯವರೆಲ್ಲ ಮೆಚ್ಚಿಕೊಂಡರು. ಮನೆಯೊಳಗೆ ಮಾತ್ರ ಅವನು ಕುರ್ಚಿಯ ಕಾಲು ಕಡಿದ. ಆಮೇಲೆ ತನ್ನ ಮುಂಗಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡ. "ಇದಕ್ಕೆ ಬೇಸರ ಕಣ್ರೀ" ಎಂದರು ಪಶುವೈದ್ಯರು. ನಾಯಿಗೆ ಬೇಸರವೆ ಎಂದು ನನಗೆ ನಗು ಬಂದಿತ್ತು. ಮುಲಾಮು ಹಚ್ಚಿದೆ, ಸರಪಣಿ ಸಡಿಲಿಸಲಿಲ್ಲ. ಒಂಬತ್ತು ವರ್ಷ ಬದುಕಿದ್ದ. ಅಷ್ಟು ವರ್ಷದಲ್ಲಿ ಒಂದು ವಾಸನೆಯನ್ನಾದರೂ ಅದರ ಕೊನೆಯವರೆಗೆ ಹಿಂಬಾಲಿಸಿ ಹೋಗುವುದಕ್ಕೆ ಅವನನ್ನು ಬಿಟ್ಟದ್ದು ನನಗೆ ನೆನಪಿಲ್ಲ.

ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ, ವಾಸನೆ ಹಿಡಿಯುವ ಕೋಶಗಳು ನಮ್ಮ ಮೂಗಿನಲ್ಲಿ 50–60 ಲಕ್ಷವಾದರೆ ನಾಯಿಯ ಮೂಗಿನಲ್ಲಿ, ಜಾತಿಗೆ ತಕ್ಕಂತೆ, 20 ಕೋಟಿಗೂ ಮೇಲೆ. ಅದರ ಹೊಳ್ಳೆಯ ಪಕ್ಕದ ಸೀಳನ್ನು ನೋಡಿದ್ದೀರಾ? ಉಸಿರು ಬಿಡುವಾಗ ಗಾಳಿ ಆ ಸೀಳಿನಿಂದ ಹಿಂದಕ್ಕೆ ಹೋಗುತ್ತದೆ, ಮುಂದಿನ ವಾಸನೆ ಕೆಡುವುದಿಲ್ಲ. 2005ರಲ್ಲಿ ಬೆಲ್‌ಫಾಸ್ಟಿನ ಇಬ್ಬರು ಸಂಶೋಧಕರು ಕಂಡುಕೊಂಡಂತೆ, ಬಲ್ಲ ನಾಯಿಗೆ ಒಂದು ಗಂಟೆ ಹಳೆಯದಾದ ಐದೇ ಹೆಜ್ಜೆ ಸಿಕ್ಕರೆ ಸಾಕು, ನಡೆದವನು ಎತ್ತ ಹೋದನೆಂದು ಹೇಳಬಲ್ಲದು. ಇಂಥ ಯಂತ್ರವನ್ನು ಮನೆಯಲ್ಲಿಟ್ಟುಕೊಂಡು ನಾವು ಅದಕ್ಕೆ ಕೊಟ್ಟಿರುವ ಕೆಲಸ ಚೆಂಡು ತರುವುದು, ಶೇಕ್‌ಹ್ಯಾಂಡ್ ಮಾಡುವುದು.

ಇದು ಪೋಲೀಸಿನವರ ಸ್ವತ್ತೂ ಅಲ್ಲ. ಇಂಗ್ಲೆಂಡಿನ ವಿಜ್ಞಾನಿ ರೋಮೇನ್ಸ್ 1887ರಲ್ಲಿ ಪರೀಕ್ಷಿಸಿದ್ದು ತನ್ನ ಸ್ವಂತ ನಾಯಿಯನ್ನು. ತಾನು ಮುಂದಾಗಿ, ಹನ್ನೆರಡು ಮಂದಿ ಒಬ್ಬರ ಹೆಜ್ಜೆಯ ಮೇಲೊಬ್ಬರು ಹೆಜ್ಜೆಯಿಟ್ಟು ನಡೆದು, ಆಮೇಲೆ ಎರಡು ಗುಂಪಾಗಿ ಒಡೆದು ಅಡಗಿದರು. ನಾಯಿ ಒಡೆಯನಿದ್ದ ಗುಂಪಿನ ಜಾಡನ್ನೇ ಹಿಡಿದು ಬಂತು. ಇನ್ನು ಜಾತಿಯ ಮಾತು. ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವುದಕ್ಕೆ ಹೆಸರಾದದ್ದು. ಅದನ್ನೂ 2016ರಲ್ಲಿ ಸೇನೆಯವರು ಮೀರತ್ತಿಗೆ ಕೊಂಡೊಯ್ದು ತರಬೇತಿಗೆ ಹಚ್ಚಿದರು. ನಮ್ಮ ಬೀದಿಯ ಕೆಂಪಿಯ ಮೂಗಿಗೆ ಯಾರ ಸರ್ಟಿಫಿಕೇಟು ಬೇಕು?

ಅಭ್ಯಾಸಕ್ಕೆ ಬೇಕಾಗುವುದೂ ಹೆಚ್ಚಲ್ಲ. ಕತ್ತಿಗೆ ಬಿಗಿಯದಂತೆ ಒಂದು ಎದೆಪಟ್ಟಿ, ಉದ್ದದ ಹಗ್ಗ, ಒಂದು ಚಪಾತಿ, ಒಬ್ಬಳು ಮೊಮ್ಮಗಳು. ಇಬ್ಬನಿ ಆರುವ ಮೊದಲೇ ಹುಲ್ಲಿನ ಮೇಲೆ ಹೋಗಬೇಕು. ಮಧ್ಯಾಹ್ನದ ಟಾರು ರಸ್ತೆಯಲ್ಲಿ ಪಾದ ಸುಡುವುದೇ ಹೊರತು ಜಾಡು ಹೆಚ್ಚು ಹೊತ್ತು ನಿಲ್ಲದು. ನಮ್ಮ ಪುಟ್ಟಿ ಕಾಲೆಳೆಯುತ್ತ ನಡೆದು, ಮೊದಮೊದಲು ಪ್ರತಿ ಹೆಜ್ಜೆಗೂ ಒಂದು ಚಪಾತಿ ಚೂರು ಹಾಕುತ್ತಿದ್ದಳು, ಆಮೇಲೆ ಹತ್ತು ಹೆಜ್ಜೆಗೊಂದು. ಕೊನೆಯಲ್ಲಿ ಅವಳ ಕಾಲುಚೀಲ, ಅದರ ಜೊತೆ ಅವಳೇ. ಮೊದಲು ಹತ್ತು ನಿಮಿಷ ಬಿಟ್ಟು ಹೊರಟೆವು, ಆಮೇಲೆ ಅರ್ಧ ಗಂಟೆ. ತಿರುವು ಬಂದರೆ ಕೆಂಪಿ ಎರಡು ಮಾರು ಮುಂದೆ ಹೋಗಿಬಿಡುತ್ತಾಳೆ, ತಲೆಯೆತ್ತುತ್ತಾಳೆ, ಸುತ್ತು ಹಾಕಿ ಹಿಂದೆ ಬಂದು ಮತ್ತೆ ಹಿಡಿಯುತ್ತಾಳೆ. ಆ ಹೊತ್ತಿನಲ್ಲಿ ಒಡೆಯನಾದವನು ಮಾಡಬೇಕಾದದ್ದು ಒಂದೇ, ಸುಮ್ಮನೆ ನಿಲ್ಲುವುದು. ಬಹು ಕಷ್ಟದ ಕೆಲಸ.

ಎಷ್ಟು ಕಷ್ಟವೆಂದರೆ, ಒಂದು ದಿನ ನಾನು ನಿಲ್ಲಲಿಲ್ಲ. "ತಾತ, ಹೊಂಗೆ ಮರದ ಹತ್ರ ಎಡಕ್ಕೆ ತಿರುಗ್ತೀನಿ" ಎಂದು ಪುಟ್ಟಿ ಹಿಂದಿನ ರಾತ್ರಿಯೇ ಹೇಳಿದ್ದಳು. ಮರದ ಬಳಿ ಕೆಂಪಿ ಬಲಕ್ಕೆ ಎಳೆದಳು. ನಾನು ಎಡಕ್ಕೆ ಜಗ್ಗಿದೆ. ಮತ್ತೆ ಬಲಕ್ಕೆ ಎಳೆದಳು, ಮತ್ತೆ ಜಗ್ಗಿದೆ. ಮೂರನೆಯ ಸಲ ಅವಳು ನನ್ನ ಮುಖವನ್ನೊಮ್ಮೆ ನೋಡಿ, ಬಾಲ ಇಳಿಬಿಟ್ಟು, ನೆಲಕ್ಕೆ ಮೂಗಿಟ್ಟು, ನಾನು ಹೇಳಿದ ಕಡೆಗೇ ಬಂದಳು. ಕಾಂಪೌಂಡು ಗೋಡೆ ಮುಟ್ಟಿದೆವು. ಹಿಂದಿನಿಂದ, ಬಲಗಡೆಯ ನೀರಿನ ತೊಟ್ಟಿಯ ಮರೆಯಿಂದ, ಪುಟ್ಟಿ ಕೂಗಿದಳು: "ತಾತಾ, ಇಲ್ಲಿದೀನಿ! ಆಕಡೆ ಎಮ್ಮೆ ಕಟ್ಟಿದ್ರು, ಅದಕ್ಕೇ ಈಕಡೆ ಬಂದೆ."

ಕೆಂಪಿಗೆ ಗೊತ್ತಿತ್ತು. ಗೊತ್ತಿದ್ದೂ, ನನ್ನನ್ನು ಮೆಚ್ಚಿಸಲು, ಗೊತ್ತಿಲ್ಲದವಳಾದಳು. ರಾಜನ ಒಂಬತ್ತು ವರ್ಷ ನನ್ನ ಕಣ್ಣ ಮುಂದೆ ಬಂದದ್ದು ಆ ಗೋಡೆಯ ಬುಡದಲ್ಲಿ.

ಇದು ನನ್ನೊಬ್ಬನ ದಡ್ಡತನವಲ್ಲವೆಂದು ಆಮೇಲೆ ಓದಿ ತಿಳಿದೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯವರು, ಮಾದಕವಸ್ತು ಮತ್ತು ಸ್ಫೋಟಕ ಹುಡುಕುವ 18 ಪಳಗಿದ ನಾಯಿಗಳನ್ನೂ ಅವುಗಳ ಜೊತೆಗಾರರನ್ನೂ ಪರೀಕ್ಷೆಗೆ ಇಳಿಸಿದರು. ಕೋಣೆಗಳಲ್ಲಿ ವಾಸನೆ ಇಟ್ಟಿದೆ, ಕೆಂಪು ಕಾಗದ ಇದ್ದಲ್ಲಿ ಇದೆ ಎಂದು ಜೊತೆಗಾರರಿಗೆ ಹೇಳಿದ್ದರು. ಏನನ್ನೂ ಇಟ್ಟಿರಲಿಲ್ಲ. ಆದರೂ ಜೊತೆಗಾರರು 225 ಸಲ "ನಾಯಿ ತೋರಿಸಿತು" ಎಂದರು, ಅದೂ ಕೆಂಪು ಕಾಗದದ ಬಳಿಯೇ ಹೆಚ್ಚಾಗಿ. ನಮ್ಮ ಸುಪ್ರೀಂ ಕೋರ್ಟು 1969ರಲ್ಲಿ ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ, ಜಾಡು ಹಿಡಿಯುವ ನಾಯಿಯ ಸಾಕ್ಷ್ಯಕ್ಕೆ ಹೆಚ್ಚು ತೂಕ ಕೊಡಲಾಗದೆಂದಿತು. ನಾಯಿಯನ್ನು ಕಟಕಟೆಗೆ ಹತ್ತಿಸಿ ಪಾಟೀಸವಾಲು ಮಾಡಲಾಗದಷ್ಟೆ. ನ್ಯಾಯವಾದ ಮಾತು. ಆದರೆ ನನ್ನನ್ನು ಕೇಳಿದರೆ, ಸಂಶಯಿಸಬೇಕಾದದ್ದು ಹಗ್ಗದ ಆ ತುದಿಯನ್ನಲ್ಲ, ಈ ತುದಿಯನ್ನು.

ಮೂಸಲು ಬಿಟ್ಟರೆ ನಾಯಿಗೆ ಏನು ಲಾಭವೆಂದು ಕೇಳುವವರುಂಟು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ವಾರ ವಾಸನೆ ಹುಡುಕುವ ಆಟವಾಡಿದ ಸಾಕುನಾಯಿಗಳು, ತಿಂಡಿ ಇದೆಯೋ ಇಲ್ಲವೋ ತಿಳಿಯದ ಬಟ್ಟಲಿನ ಕಡೆಗೆ ಮೊದಲಿಗಿಂತ ಬೇಗ ನಡೆದವು, ಸಿಕ್ಕೀತೆಂಬ ನಂಬಿಕೆ ಬೆಳೆದವರ ಹಾಗೆ. ಅಷ್ಟೇ ದಿನ ಒಡೆಯನ ಕಾಲಬಳಿ ನಡೆಯುವುದನ್ನು ಕಲಿತವುಗಳಲ್ಲಿ ಆ ಬದಲಾವಣೆ ಕಾಣಲಿಲ್ಲ. ವಾಹನಗಳ ನಡುವೆ ನಾಯಿ ಕಾಲಬಳಿಯೇ ಇರಲಿ, ಬೇಡವೆಂದವರಾರು? ಒಡೆದ ಗಾಜು, ಇಲಿಪಾಷಾಣ ಬಿದ್ದಿರುವ ಮೂಲೆಗಳಲ್ಲಿ ಎಳೆದುಕೊಂಡೇ ಹೋಗಿ. ಉಳಿದ ಹೊತ್ತು?

ಆ ಹಿರಿಯರು ಈ ಪತ್ರಿಕೆ ಓದುವವರೇ. ಬರುವ ಭಾನುವಾರ ಆರು ಗಂಟೆಗೆ ಮೈದಾನಕ್ಕೆ ಬರಲಿ; ಪುಟ್ಟಿಗೆ ಪರೀಕ್ಷೆ ಇದೆ, ಅವರೇ ಜಾಡು ಹಾಕಲಿ. ಚಪಾತಿ ನಾನು ತರುತ್ತೇನೆ. ಎತ್ತ ಹೋಗುತ್ತಾರೆಂಬುದನ್ನು ನನಗೊಂದು ಹೇಳದಿದ್ದರೆ ಆಯಿತು.