ಪದಕ್ಕೆ 25 ಪೈಸೆ

ನಾನು ಬಿಇ ವಿದ್ಯಾರ್ಥಿ. ಕೈಖರ್ಚಿಗೆಂದು ಒಂದು ಸಣ್ಣ ವೆಬ್‌ಸೈಟಿಗೆ ಲೇಖನ ಬರೆಯುತ್ತೇನೆ. ಪದಕ್ಕೆ 25 ಪೈಸೆ. 600 ಪದಕ್ಕೆ 150 ರೂಪಾಯಿ. ದುಡ್ಡು ಪದದ ಲೆಕ್ಕದಲ್ಲಿ ಎಂದಮೇಲೆ ಎರಡು ಸಾಲಿನ ವಿಷಯವನ್ನು ಎರಡು ಪುಟಕ್ಕೆ ಎಳೆಯುವುದು ತಾನಾಗಿಯೇ ಬರುತ್ತದೆ. ಕಚೇರಿಗೆ ಹೋಗಿ ವಿಚಾರಿಸಿದ ಅರ್ಧ ದಿನಕ್ಕೆ ಕಾಸಿಲ್ಲ. ಹಾಗಾಗಿ ಸ್ಕಾಲರ್‌ಶಿಪ್ ಲೇಖನವನ್ನು ಕೂತಲ್ಲೇ ಹೆಕ್ಕಿ ಬರೆದೆ. ಹಿಂದಿನ ವರ್ಷದ ಕೊನೆಯ ದಿನಾಂಕ ಹಾಗೇ ಉಳಿದುಬಿಟ್ಟಿತು. ತಪ್ಪು ನನ್ನದೇ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಮೇಲಂತೂ 'ನಿಮಗೇಕೆ ದುಡ್ಡು ಕೊಡಬೇಕು?' ಎಂಬ ಮಾತು ಶುರುವಾಗಿದೆ. ಆದರೆ ಅಮೆರಿಕದ ಸಿನೆಟ್ ಎಂಬ ತಂತ್ರಜ್ಞಾನ ಸುದ್ದಿತಾಣ ಯಂತ್ರದಿಂದ ಬರೆಸಿದ 77 ಲೇಖನಗಳಲ್ಲಿ 41ಕ್ಕೆ 2023ರಲ್ಲಿ ತಿದ್ದುಪಡಿ ಹಾಕಬೇಕಾಯಿತು. ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ಹಾಕುವ ಬರಹಗಳ ವಿರುದ್ಧ ಗೂಗಲ್ 2024ರ ಮಾರ್ಚ್‌ನಲ್ಲಿ ನಿಯಮ ಬಿಗಿಗೊಳಿಸಿತು.

ತಿಂಗಳಿಗೆ 3,000 ರೂಪಾಯಿಯಷ್ಟೇ ಇದ್ದರೆ 20 ಲೇಖನ ಏಕೆ ಬೇಕು? ನಾಲ್ಕು ಸಾಕು. ಒಂದೊಂದಕ್ಕೆ 750 ಕೊಟ್ಟು, ಯಾರನ್ನು ವಿಚಾರಿಸಬೇಕೆಂದು ಮೊದಲೇ ಹೇಳಿ, ಒಂದು ಸಲ ತಿದ್ದಿಸಲಿ. ನಮ್ಮ ಸೈಟಿನವರಿಗೆ ಇದನ್ನೇ ಹೇಳಿದೆ. ನಕ್ಕರು. ಆದರೂ ಒಂದು ಲೇಖನಕ್ಕೆ ಒಪ್ಪಿದ್ದಾರೆ. ಅದೇ ಸ್ಕಾಲರ್‌ಶಿಪ್ ವಿಷಯ. ಸೋಮವಾರ ಕಚೇರಿಗೆ ಹೋಗುತ್ತಿದ್ದೇನೆ.