ಬರೆದವರನ್ನು ಒಂಟಿಯಾಗಿ ಬಿಡಬೇಡಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಓದುಗ ಬಂಧುಗಳೇ,

ಪುಸ್ತಕ ಬರೆದದ್ದಕ್ಕೆ ಏಟು ತಿಂದವರನ್ನು ಹುಡುಕಲು ನಾವು ದೂರ ಹೋಗಬೇಕಿಲ್ಲ. 2015ರ ಅಕ್ಟೋಬರ್‌ನಲ್ಲಿ ನಮ್ಮ ದಾವಣಗೆರೆಯಲ್ಲೇ ಪತ್ರಿಕೋದ್ಯಮದ ವಿದ್ಯಾರ್ಥಿ ಹುಚ್ಚಂಗಿ ಪ್ರಸಾದ್ ಅವರನ್ನು, ತಾಯಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ಹಾಸ್ಟೆಲ್‌ನಿಂದ ಕರೆದೊಯ್ದು ಹೊಡೆದರು. ಜಾತಿಯನ್ನು ಟೀಕಿಸಿ ‘ಒಡಲ ಕಿಚ್ಚು’ ಬರೆದದ್ದೇ ಕಾರಣ, ಇನ್ನು ಬರೆಯದಂತೆ ಬೆರಳು ಕತ್ತರಿಸುವುದಾಗಿ ಬೆದರಿಸಿದರು ಎಂಬುದು ಅವರ ದೂರು. 2017ರ ಮಾರ್ಚ್‌ನಲ್ಲಿ ಅದೇ ಊರಿಗೆ ಕಾರ್ಯಕ್ರಮಕ್ಕೆಂದು ಬಂದಿದ್ದ ‘ಢುಂಢಿ’ ಕಾದಂಬರಿಯ ಯೋಗೇಶ್ ಮಾಸ್ಟರ್ ಮುಖಕ್ಕೆ ಮಸಿ ಬಳಿದರು.

ಹೊಡೆದವರು ಆ ಪುಸ್ತಕಗಳನ್ನು ಓದಿದ್ದರೇ ಎಂದು ಕೇಳುವುದು ಸುಲಭ. ಸುಮ್ಮನಿದ್ದ ನಾವೆಷ್ಟು ಮಂದಿ ಓದಿದ್ದೆವು?

ಇಂಥ ಹೊತ್ತಿನಲ್ಲಿ ಒಬ್ಬೊಬ್ಬ ಲೇಖಕರು ಒಂದೊಂದು ದಾರಿ ಹಿಡಿದಿದ್ದಾರೆ. ಸಂಶೋಧಕ ಎಂ.ಎಂ. ಕಲಬುರ್ಗಿ 1989ರಲ್ಲಿ, ತಮ್ಮ ಸಂಶೋಧನಾ ಲೇಖನಗಳ ಸಂಕಲನ ‘ಮಾರ್ಗ’ದ ಬರಹಕ್ಕೆ ವಿರೋಧ ಬಂದಾಗ, ಮನೆಯವರ ಜೀವಕ್ಕೆ ಹೆದರಿ ಮಾತು ಹಿಂದೆಗೆದುಕೊಂಡರು. ಅದು ತಮ್ಮ ಬೌದ್ಧಿಕ ಆತ್ಮಹತ್ಯೆ ಎಂದು ತಾವೇ ಹೇಳಿಕೊಂಡರು. ಆಮೇಲೆ ಅವರು ಬಾಯಿ ಮುಚ್ಚಿ ಕೂರಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ತಮಿಳಿನ ಪೆರುಮಾಳ್ ಮುರುಗನ್ ಅದೇ ವರ್ಷದ ಜನವರಿಯಲ್ಲಿ, ತಮ್ಮೊಳಗಿನ ಲೇಖಕ ಸತ್ತನೆಂದು ಸಾರಿ ಪೆನ್ನು ಕೆಳಗಿಟ್ಟರು. 2016ರಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರ ನಿಂತ ಮೇಲೆ ಮತ್ತೆ ಬರೆದರು. ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನ ದೀಪ್ತಿ’ಯ ಮೇಲೆ 1998ರಲ್ಲಿ ಸರ್ಕಾರ ಹೇರಿದ ನಿಷೇಧವನ್ನು ಸುಪ್ರೀಂ ಕೋರ್ಟ್‌ವರೆಗೆ ಒಯ್ದು 2017ರಲ್ಲಿ ಸೋತರು. ಅದರಲ್ಲಿ ಬಸವಣ್ಣನವರ ವಚನಗಳ ಅಂಕಿತವನ್ನೇ ಅವರು ಬದಲಿಸಿದ್ದು ನನಗೂ ಒಪ್ಪಿಗೆಯಿಲ್ಲ. ಆದರೆ ಅದಕ್ಕೆ ಮೂಲ ವಚನಗಳ ಸುಲಭ ಬೆಲೆಯ ಪುಸ್ತಕವನ್ನು ಮನೆಮನೆಗೆ ಮುಟ್ಟಿಸಿ ಉತ್ತರ ಕೊಡಬೇಕಿತ್ತು, ಮುಟ್ಟುಗೋಲಿನಿಂದಲ್ಲ.

ಇವರೆಲ್ಲರ ಕಥೆಯಲ್ಲಿ ಓದುಗರು ಕಾಣುವುದು ತೀರಾ ಕಡಿಮೆ. ಕಾಣಿಸಿಕೊಂಡದ್ದು ಮಹಾರಾಷ್ಟ್ರದಲ್ಲಿ. ಶಿವಾಜಿಯ ಕುರಿತ ಜೇಮ್ಸ್ ಲೇನ್ ಅವರ ಪುಸ್ತಕವನ್ನು ಅಲ್ಲಿನ ಸರ್ಕಾರ ಮುಟ್ಟುಗೋಲು ಹಾಕಿದಾಗ ಕೋರ್ಟಿಗೆ ಹೋದವರು ಲೇಖಕರಲ್ಲ. ಒಬ್ಬ ವಕೀಲರು, ಒಬ್ಬ ಸಿನಿಮಾ ನಿರ್ದೇಶಕರು, ಒಬ್ಬ ಸಾಮಾಜಿಕ ಕಾರ್ಯಕರ್ತೆ. ಬಾಂಬೆ ಹೈಕೋರ್ಟ್ ಸರ್ಕಾರದ ಆದೇಶವನ್ನು ರದ್ದು ಮಾಡಿತು, 2010ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಪುಸ್ತಕದಲ್ಲಿ ಹಿತಾಸಕ್ತಿ ಇರುವ ಯಾರೇ ಆಗಲಿ, ಮುಟ್ಟುಗೋಲಿನ ಆದೇಶ ಪ್ರಕಟವಾದ 2 ತಿಂಗಳೊಳಗೆ ಹೈಕೋರ್ಟಿಗೆ ಹೋಗಲು ಕಾನೂನಿನಲ್ಲಿ ದಾರಿಯಿದೆ.

ನಾನು ಕೋರ್ಟಿನಷ್ಟು ದೂರ ಹೋಗಿ ಎನ್ನುತ್ತಿಲ್ಲ. ಮನೆ ಕಂದಾಯದ ಜತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವಲ್ಲ, ಆ ಹಕ್ಕಿನಿಂದ ತಾಲ್ಲೂಕಿನ ಗ್ರಂಥಾಲಯದಲ್ಲಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿವಾದಕ್ಕೆ ಸಿಕ್ಕ ಪುಸ್ತಕ ತರಿಸಿಕೊಡಿ ಎಂದು ಬರೆದು ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಪುಟದ ಫೋಟೊ ನೋಡಿ ನಿಷೇಧದ ಮನವಿಗೆ ಸಹಿ ಹಾಕಬೇಡಿ. ಪೂರ್ತಿ ಓದಿದ ಮೇಲೂ ಸಿಟ್ಟು ಇಳಿಯದಿದ್ದರೆ ಪತ್ರಿಕೆಗೆ ಬರೆಯಿರಿ, ಸಭೆಯಲ್ಲಿ ಎದ್ದು ನಿಂತು ಲೇಖಕರನ್ನೇ ಕೇಳಿ. ನಿಮ್ಮೂರಿನ ಹುಡುಗನಿಗೋ ಹುಡುಗಿಗೋ ಬರೆದದ್ದಕ್ಕಾಗಿ ಬೆದರಿಕೆ ಬಂದರೆ, ಪೊಲೀಸ್ ಠಾಣೆಗೆ ಅವರನ್ನು ಒಬ್ಬರನ್ನೇ ಕಳಿಸಬೇಡಿ. ನಾಲ್ಕು ಜನ ಜತೆಗೆ ಹೋಗಿ, ದೂರು ದಾಖಲಾಗುವವರೆಗೂ ಅಲ್ಲೇ ಇರಿ.