ಕದಲದ ದಾಖಲೆಯ ನೆರಳಲ್ಲಿ

ಮಹಿಳೆಯರ ಗುಂಡು ಎಸೆತದ ವಿಶ್ವದಾಖಲೆ 22.63 ಮೀಟರ್. 1987ರಲ್ಲಿ ಸೋವಿಯತ್ ಒಕ್ಕೂಟದ ನತಾಲ್ಯಾ ಲಿಸೋವ್‌ಸ್ಕಾಯಾ ಸ್ಥಾಪಿಸಿದ ಈ ದಾಖಲೆ ಇಂದಿಗೂ ಕದಲಿಲ್ಲ. ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ ನ್ಯೂಜಿಲೆಂಡಿನ ವ್ಯಾಲೆರಿ ಆಡಮ್ಸ್ ಅವರ ಶ್ರೇಷ್ಠ ಎಸೆತವೂ 21.24 ಮೀಟರ್ ಮಾತ್ರ.

ಹಾಗಾದರೆ ಇಂದಿನ ಮಹಿಳೆಯರು ದುರ್ಬಲರೇ? ಪುರುಷರ ದಾಖಲೆ 2023ರಲ್ಲಿ 23.56 ಮೀಟರಿಗೆ ಏರಿದೆ. ತರಬೇತಿಯ ಜ್ಞಾನವೇನೂ ಕುಗ್ಗಿಲ್ಲ. ಬದಲಾದದ್ದು ಉದ್ದೀಪನ ಮದ್ದಿನ ಪರೀಕ್ಷೆ. ಪೂರ್ವ ಜರ್ಮನಿಯ ಪ್ರಭುತ್ವವು ಹದಿಹರೆಯದ ಹುಡುಗಿಯರಿಗೂ ಪುರುಷ ಹಾರ್ಮೋನು ನುಂಗಿಸಿದ್ದು ಬರ್ಲಿನ್ ಗೋಡೆ ಉರುಳಿದ ಬಳಿಕ ಕಡತಗಳಿಂದಲೇ ಬಯಲಾಯಿತು. ಅಂಥ ಮದ್ದಿನ ಪರಿಣಾಮ ಹೆಣ್ಣಿನ ದೇಹದ ಮೇಲೆಯೇ ಹೆಚ್ಚು. ಆದ್ದರಿಂದ ಆ ದಶಕದ ಅಂಕಿಗಳನ್ನು ಕೇವಲ ಸಾಮರ್ಥ್ಯದ ಅಳತೆಯೆಂದು ಓದಲಾಗದು.

ಇದರ ಬೆಲೆ ತೆತ್ತವರು ಪ್ರಾಮಾಣಿಕರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಗೆದ್ದ ಬೆಲಾರುಸ್‌ನ ಸ್ಪರ್ಧಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲೆ, ಆಡಮ್ಸ್ ಚಿನ್ನವನ್ನು ಕೊರಳಿಗೆ ಧರಿಸಿದ್ದು ವಾರಗಳ ನಂತರ, ಆಕ್ಲೆಂಡಿನಲ್ಲಿ. ಪದಕ ಮರಳಿತು, ಆ ಸಂಜೆಯ ಗಳಿಗೆ ಮರಳಲಿಲ್ಲ.

ಹಳೆಯ ದಾಖಲೆಗಳನ್ನು ಅಳಿಸಿದರೆ ಆ ಹುಡುಗಿಯರಿಗಾದ ಅನ್ಯಾಯವೂ ಅಳಿದೀತು. ಅವನ್ನು ಅವುಗಳ ಕಾಲದ ಹೆಸರಿನಲ್ಲಿ ಪ್ರತ್ಯೇಕವಾಗಿ ಉಳಿಸಿ, ಕಠಿಣ ಪರೀಕ್ಷೆಯ ಯುಗಕ್ಕೆ ಹೊಸ ಪಟ್ಟಿ ತೆರೆಯುವುದೇ ನ್ಯಾಯ. ಇಂದು ಗುಂಡು ಹಿಡಿದು ನಿಂತ ಹುಡುಗಿಗೆ ಮುಟ್ಟಬಹುದಾದ ಗುರಿಯೊಂದು ಬೇಕು.